ಎಂಟನೇ ಒಂದು ಪಾಲಿನ ಹೊಗೆ

1884ರಲ್ಲಿ ಗುಬ್ಬಿಗೆ ಎರಡು ಸಂಗತಿಗಳು ಬಂದವು. ಒಂದು ರೈಲು, ಇನ್ನೊಂದು ನಾಟಕ ಕಂಪನಿ. ಮೈಸೂರು ಸಂಸ್ಥಾನದ ಮೀಟರ್ ಗೇಜ್ ಹಳಿ ಬೆಂಗಳೂರಿನಿಂದ ಹೊರಟು ತುಮಕೂರು ಹಾದು ಗುಬ್ಬಿ ಮುಟ್ಟಿದ್ದು ಆ ವರ್ಷ. ಅಲ್ಲಿಂದ ಮುಂದಕ್ಕೆ ಹರಿಹರ ಸೇರಲು ಇನ್ನೂ ಐದು ವರ್ಷ ಹಿಡಿಯಿತು. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ. ಹೀಗೆ ನಮ್ಮೂರಿಗೆ ನಿಜವಾದದ್ದೂ ನಿಜದಂತೆ ಕಾಣುವುದೂ ಜೊತೆಜೊತೆಗೇ ಕಾಲಿಟ್ಟವು. ಊರಿನವರಾದ ನಮಗೆ ಇವೆರಡರ ನಡುವಿನ ಗೆರೆ ಇವತ್ತಿಗೂ ಅಷ್ಟು ಸ್ಪಷ್ಟವಿಲ್ಲ.

ಆ ಗೆರೆಯ ಮೇಲೆಯೇ ಬಿಡಾರ ಹೂಡಿರುವವರು ನನ್ನ ಷಡ್ಡಕರು. ಅವರ ಹೆಂಡತಿ, ನನ್ನ ಹೆಂಡತಿ ಇಬ್ಬರೂ ಕುಣಿಗಲ್ಲಿನ ಅಕ್ಕತಂಗಿಯರು. ಅಕ್ಕನ ಗಂಡ ಆದ್ದರಿಂದ ನಾನು ಅವರನ್ನು ಅಣ್ಣ ಎನ್ನುವುದು, ಅವರು ನನ್ನನ್ನು ಪ್ರೀತಿಯಿಂದ ಗದರುವುದು ವಾಡಿಕೆ. ತುಮಕೂರಿನ ಎಚ್.ಎಂ.ಟಿ. ವಾಚ್ ಫ್ಯಾಕ್ಟರಿಯಲ್ಲಿ ತಪಾಸಣೆಯ ಮೇಜಿನ ಮುಂದೆ ಕೂತು ಸರ್ವಿಸ್ ಮುಗಿಸಿದವರು. ಫ್ಯಾಕ್ಟರಿ ಮುಚ್ಚಿತು, ಜಾಗ ಇಸ್ರೋಗೆ ಹೋಯಿತು. ಅಣ್ಣನ ಕಣ್ಣು ಮಾತ್ರ ಇನ್ನೂ ಡ್ಯೂಟಿ ಬಿಟ್ಟಿಲ್ಲ. ಬಂಧುಗಳೊಬ್ಬರ ಮದುವೆಯಲ್ಲಿ, ಎಲ್ಲರೂ ಅಕ್ಷತೆ ಹಿಡಿದು ನಿಂತಿರುವಾಗ, ಮದುಮಗನ ಉಂಗುರದ ಹರಳು ಅರ್ಧ ಡಿಗ್ರಿ ಓರೆಯಾಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿದವರು ಅವರು. ಆಮೇಲೆ ನಾನು ಮದುಮಗನ ಮುಖ ನೋಡಲಿಲ್ಲ, ಉಂಗುರವನ್ನೇ ನೋಡಿದೆ.

ಆ ಕಣ್ಣಿಗೆ ನಿವೃತ್ತಿಯಲ್ಲಿ ಸಿಕ್ಕಿರುವ ಕೆಲಸ ಉಗಿ ಇಂಜಿನ್ನುಗಳ ಮಾದರಿ. ಗಾಜಿನ ಬೀರುವಿನಲ್ಲಿಟ್ಟು ನೆಂಟರಿಗೆ ತೋರಿಸುವ ಅಂಗೈ ಅಗಲದವಲ್ಲ. ಕಲ್ಲಿದ್ದಲು ತಿಂದು, ನೀರು ಕುಡಿದು, ಹೊಗೆ ಬಿಟ್ಟು, ಹತ್ತು ಹದಿನೈದು ಜನರನ್ನು ಎಳೆದುಕೊಂಡು ಹೋಗುವ ದೊಡ್ಡ ಮಾದರಿಗಳು. ಎಸ್.ಐ.ಟಿ. ಬಡಾವಣೆಯ ಅವರ ಮನೆಯ ಹಿಂದೆ ತಗಡಿನ ಷೆಡ್ಡಿದೆ, ಷೆಡ್ಡಿನಲ್ಲಿ ಒಂದು ಹಳೆಯ ಲೇತ್ ಇದೆ, ಲೇತಿನ ಪಕ್ಕದಲ್ಲಿ ಮುಗಿಯದ ಒಂದು ಜೊತೆ ಗಾಲಿ ಇದೆ. ಆ ಗಾಲಿಗಳಿಗಿಂತ ಅವರ ಅಭಿಪ್ರಾಯಗಳೇ ಬೇಗ ಬೇಗ ತಯಾರಾಗುತ್ತವೆ.

ದಸರೆಯಲ್ಲಿ ಅವರ ಮನೆಯಲ್ಲಿ ಬೊಂಬೆ ಕೂರಿಸುತ್ತಾರೆ. ಪಟ್ಟದ ಬೊಂಬೆಗಳ ಕೆಳಗೆ, ರಾಗಿ ಮೊಳಕೆಯ ಪಾರ್ಕಿನ ಸುತ್ತ ಒಂದು ತಗಡಿನ ರೈಲು ಓಡುತ್ತದೆ. ಬೀದಿಯ ಮಕ್ಕಳೆಲ್ಲ ಅದರ ಮುಂದೆ. ಅಣ್ಣ ಆ ಒಂಬತ್ತು ದಿನ ನಡುಮನೆಗೆ ಬರುವುದೇ ಕಡಿಮೆ. "ಅಲ್ಲ ಕಣಯ್ಯ, ಗಾಲಿ ತಿರುಗ್ತಾ ಇದೆ, ಪಕ್ಕದ ಸರಳು ಅಲ್ಲಾಡ್ತಾನೇ ಇಲ್ಲ. ಇದು ಹೆಂಗೆ ಓಡ್ತು?" ಎನ್ನುತ್ತಾರೆ. ಬ್ಯಾಟರಿಯಿಂದ ಎಂದರೆ ಅವರಿಗೆ ಅದು ಉತ್ತರವಲ್ಲ. ಆದರೆ ಅದೇ ಬೊಂಬೆಗಳ ಸಾಲಿನಲ್ಲಿರುವ ಚನ್ನಪಟ್ಟಣದ ಮರದ ರೈಲಿನ ಬಗ್ಗೆ ಅವರು ಒಂದು ಮಾತೂ ಆಡಿದ್ದಿಲ್ಲ. ಹಾಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ, ನಾಲ್ಕು ಉರುಟು ಗಾಲಿ ಸಿಕ್ಕಿಸಿ, ಮೇಲೊಂದು ಗುಂಡು ಚಿಮಣಿ ಇಟ್ಟಿರುವ ಅದು ತಾನು ಇಂಜಿನ್ನು ಎಂದು ಎಲ್ಲೂ ಸಾಧಿಸಲು ಹೋಗಿಲ್ಲ. ನಿಜ ಎಂದು ಹೇಳಿಕೊಳ್ಳದ ವಸ್ತುವನ್ನು ಸುಳ್ಳು ಎಂದು ಹಿಡಿಯುವ ಹಾಗಿಲ್ಲ. ತಗಡಿನ ರೈಲಿನ ಅಪರಾಧ ಎಂದರೆ ಅದಕ್ಕೆ ಸರಳುಗಳಿವೆ.

ಅಳತೆಯ ಲೆಕ್ಕವನ್ನು ನನಗೆ ಹೇಳಿಕೊಟ್ಟವರು ಅವರೇ. ಮೀಟರ್ ಗೇಜ್ ಎಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಎಂಟರಿಂದ ಭಾಗಿಸಿದರೆ 125. ಇಂಗ್ಲೆಂಡಿನಿಂದ ಆಸ್ಟ್ರೇಲಿಯದವರೆಗೆ ಮಾದರಿ ಇಂಜಿನ್ನು ಕಟ್ಟುವವರು ಬಳಸುವ ಐದಿಂಚಿನ ಹಳಿಯ ಅಗಲ 127 ಮಿಲಿಮೀಟರ್. ಎರಡೇ ಮಿಲಿಮೀಟರ್ ವ್ಯತ್ಯಾಸ. ಮನುಷ್ಯರ ಕಣ್ಣಿಗೆ ಕಾಣುವುದಿಲ್ಲ, ಅಣ್ಣನಿಗೂ ಅಷ್ಟಾಗಿ ಕಾಣುವುದಿಲ್ಲ. ಇನ್ನೂ ಚಿಕ್ಕದು ಬೇಕೆಂದರೆ ಜರ್ಮನಿಯ ಎಲ್.ಜಿ.ಬಿ.ಯವರು 1968ರಲ್ಲಿ ತಂದ ತೋಟದ ರೈಲುಗಳಿವೆ. ಅವುಗಳ ಹಳಿ 45 ಮಿಲಿಮೀಟರ್, ಅಳತೆ 22.5ರಲ್ಲಿ ಒಂದು ಪಾಲು. ಗುಣಿಸಿ ನೋಡಿ, ಮತ್ತೆ ಹೆಚ್ಚುಕಡಿಮೆ ಮೀಟರ್ ಗೇಜೇ ಬರುತ್ತದೆ. ಆ ಅಳತೆ ಹಿಡಿದದ್ದೇ ಯೂರೋಪಿನ ಬೆಟ್ಟಗಾಡಿನ ಮೀಟರ್ ಗೇಜ್ ರೈಲುಗಳಿಗಾಗಿ. ಒಟ್ಟಿನಲ್ಲಿ ತುಮಕೂರು, ಗುಬ್ಬಿ, ನಿಟ್ಟೂರು, ತಿಪಟೂರಿನ ಹಳೆಯ ರೈಲನ್ನು ಮಾದರಿಯಾಗಿ ಕಟ್ಟುವವನಿಗೆ ಲೆಕ್ಕ ತಾನಾಗಿಯೇ ಕೂಡಿಬರುತ್ತದೆ.

ಬ್ರಾಡ್‌ಗೇಜಿನವರಿಗೆ ಈ ಭಾಗ್ಯವಿಲ್ಲ. ಅಂಗಡಿಯಲ್ಲಿ ಸಿಗುವ, 87ರಲ್ಲಿ ಒಂದು ಪಾಲಿನ ಚಿಕ್ಕ ರೈಲುಗಳ ಹಳಿ 16.5 ಮಿಲಿಮೀಟರ್. ಅದು ಯೂರೋಪಿನ 1435 ಮಿಲಿಮೀಟರ್ ಹಳಿಗೆ ಹೊಂದಿಸಿದ್ದು. ನಮ್ಮ 1676ಕ್ಕೆ 19 ದಾಟಬೇಕು. ಆದ್ದರಿಂದ ನಮ್ಮ ಬ್ರಾಡ್‌ಗೇಜ್ ಇಂಜಿನ್ನಿನ ಮಾದರಿ ಎಷ್ಟೇ ಚೆನ್ನಾಗಿ ಬಣ್ಣ ಬಳಿದುಕೊಂಡು ಬಂದರೂ ಆ ಹಳಿಯ ಮೇಲೆ ಬೀಗರ ಮನೆಯಲ್ಲಿ ಕೂತವರಂತೆ ಕಾಲು ಮುದುರಿಕೊಂಡಿರುತ್ತದೆ. 1990ರ ದಶಕದಲ್ಲಿ ನಮ್ಮ ಹಳಿಯೂ ಬ್ರಾಡ್‌ಗೇಜ್ ಆಯಿತು. ಊರಿಗೆ ಒಳ್ಳೆಯದಾಯಿತು, ಬೆಂಗಳೂರಿಗೆ ದಿನಾ ಹೋಗಿಬರುವವರಿಗೆ ಇನ್ನೂ ಒಳ್ಳೆಯದಾಯಿತು. ಅಣ್ಣ ಮಾತ್ರ ಇವತ್ತಿಗೂ ಆ ವಿಷಯದಲ್ಲಿ ಸರ್ಕಾರವನ್ನು ಕ್ಷಮಿಸಿಲ್ಲ.

ಅವರ ಮನಸ್ಸಿನಲ್ಲಿರುವ ಇಂಜಿನ್ನು ವೈ.ಪಿ. ಸ್ವಾತಂತ್ರ್ಯ ಬಂದ ಮೇಲೆ ಮೀಟರ್ ಗೇಜ್ ಪ್ಯಾಸೆಂಜರ್ ರೈಲುಗಳಿಗೆಂದು ಬಂದದ್ದು. ಮೊದಲ ಕಂತನ್ನು ಅಮೆರಿಕದ ಬಾಲ್ಡ್ವಿನ್ ಕಂಪನಿ ಕಟ್ಟಿಕೊಟ್ಟಿತು, ಆಮೇಲೆ ಜಮ್ಷೆಡ್‌ಪುರದ ಟೆಲ್ಕೊದಲ್ಲಿ 1970ರವರೆಗೂ ಕಟ್ಟಿದರು. ಎಲ್ಲ ಸೇರಿ ಎಂಟುನೂರಕ್ಕೂ ಹೆಚ್ಚು. ನಾಲ್ಕೂವರೆ ಅಡಿ ಎತ್ತರದ ಮೂರು ಜೊತೆ ಚಾಲಕ ಗಾಲಿ, ಮುಂದೆ ನಾಲ್ಕು ಪುಟ್ಟ ಗಾಲಿ, ಹಿಂದೆ ಎರಡು. ಎಂಟನೇ ಒಂದು ಪಾಲಿಗೆ ಇಳಿಸಿದರೆ ದೊಡ್ಡ ಗಾಲಿ 171 ಮಿಲಿಮೀಟರ್, ಒಂದು ಗೇಣಿಗಿಂತ ಕಡಿಮೆ. ಉದ್ದ ಎರಡು ಮೀಟರ್ ಮೀರುತ್ತದೆ. ಇಷ್ಟಕ್ಕೆಲ್ಲ ಭಾಗಾಕಾರ ಸಾಕು.

ಭಾಗಾಕಾರ ಕೈಕೊಡುವುದು ಬೆಂಕಿ ಹಾಕಿದಾಗ. ಉದ್ದ ಎಂಟನೇ ಒಂದು ಪಾಲಾದರೆ ಮೈಯ ವಿಸ್ತೀರ್ಣ 64ನೇ ಒಂದು ಪಾಲು, ಒಳಗಿನ ಗಾತ್ರ 512ನೇ ಒಂದು ಪಾಲು. 100 ಟನ್ನಿನ ಇಂಜಿನ್ನು 195 ಕಿಲೋಗೆ ಇಳಿಯುತ್ತದೆ. ಒಳಗಿನ ಉಗಿ ಅಷ್ಟು ಕಡಿಮೆಯಾದರೂ ಅದನ್ನು ತಣ್ಣಗೆ ಮಾಡುವ ಗೋಡೆ ಅಷ್ಟು ಕಡಿಮೆಯಾಗುವುದಿಲ್ಲ. ಗಾತ್ರಕ್ಕೆ ಹೋಲಿಸಿದರೆ ಗೋಡೆ ಎಂಟು ಪಟ್ಟು ಹೆಚ್ಚು. ಉಗಿ ಸಿಲಿಂಡರಿಗೆ ಬರುವಷ್ಟರಲ್ಲಿ ಅರ್ಧ ನೀರಾಗಿರುತ್ತದೆ. ಮೂಲದ ನಕಾಶೆಯನ್ನು ತಪ್ಪಿಲ್ಲದೆ ಚಿಕ್ಕದು ಮಾಡಿ, ಒಂದೊಂದು ನಟ್ಟನ್ನೂ ಅಳತೆಗೆ ತಕ್ಕಂತೆ ಕಡೆದು ಕಟ್ಟಿದ ಇಂಜಿನ್ನು ಬಹುಪಾಲು ಓಡುವುದೇ ಇಲ್ಲ.

ಇದು ಹೊಸ ಸಂಕಟವಲ್ಲ. ಉಗಿಯ ಯುಗ ಹುಟ್ಟಿದ್ದೇ ಇದರಿಂದ. 1763ರ ಚಳಿಗಾಲದಲ್ಲಿ ಗ್ಲಾಸ್ಗೊ ವಿಶ್ವವಿದ್ಯಾಲಯದವರು ತಮ್ಮಲ್ಲಿದ್ದ ನ್ಯೂಕಾಮನ್ ಇಂಜಿನ್ನಿನ ಮಾದರಿಯೊಂದನ್ನು ರಿಪೇರಿಗೆಂದು ಜೇಮ್ಸ್ ವ್ಯಾಟ್ ಕೈಗೆ ಕೊಟ್ಟರು. ಗಣಿಗಳಲ್ಲಿ ಅದೇ ಇಂಜಿನ್ನು ದಶಕಗಳಿಂದ ನೀರೆತ್ತುತ್ತಿತ್ತು. ಮಾದರಿ ಮಾತ್ರ ನಾಲ್ಕಾರು ಸಲ ಏರಿಳಿದು ಉಸಿರು ಕಟ್ಟಿ ನಿಲ್ಲುತ್ತಿತ್ತು. ಬೇರೆಯವರಾಗಿದ್ದರೆ ಎಣ್ಣೆ ಬಿಟ್ಟು, ವಾಷರ್ ಬದಲಿಸಿ, ಬಿಲ್ಲು ಬರೆದು ಕಳಿಸುತ್ತಿದ್ದರು. ವ್ಯಾಟ್ ಉಗಿ ಎಲ್ಲಿಗೆ ಹೋಗುತ್ತಿದೆ ಎಂದು ಲೆಕ್ಕ ಹಾಕುತ್ತ ಕೂತ. ಪ್ರತಿ ಸಲವೂ ಸಿಲಿಂಡರನ್ನು ತಣ್ಣಗೆ ಮಾಡಿ ಮತ್ತೆ ಬಿಸಿ ಮಾಡುವುದರಲ್ಲೇ ಹೆಚ್ಚಿನ ಉಗಿ ಮುಗಿಯುತ್ತಿದೆ ಎಂಬುದು ತಿಳಿಯಿತು. ದೊಡ್ಡದರಲ್ಲೂ ಆ ನಷ್ಟ ಇತ್ತು, ಆದರೆ ಕಲ್ಲಿದ್ದಲು ಗಣಿಯ ಬಾಯಲ್ಲೇ ಬಿದ್ದಿರುವಾಗ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸಬೇಕು ಎಂಬ ಉಪಾಯ 1765ರಲ್ಲಿ ಹೊಳೆಯಿತು. ಮಾದರಿ ಸರಿಯಾಗಿ ಓಡಿದ್ದರೆ ವ್ಯಾಟನ ಹೆಸರು ನಮ್ಮ ಬಲ್ಬುಗಳ ಮೇಲೆ ಇರುತ್ತಿರಲಿಲ್ಲವೇನೋ. ವ್ಯಾಟನ ಕೈಕೆಳಗೇ ಕೆಲಸ ಮಾಡುತ್ತಿದ್ದ ವಿಲಿಯಂ ಮರ್ಡಾಕ್ 1784ರಲ್ಲಿ, ಗುಬ್ಬಿಗೆ ರೈಲು ಬರುವ ಸರಿಯಾಗಿ ನೂರು ವರ್ಷ ಮೊದಲು, ಉಗಿಯಲ್ಲಿ ತಾನೇ ಓಡುವ ಮೂರು ಗಾಲಿಯ ಪುಟ್ಟ ಬಂಡಿಯನ್ನು ಕಟ್ಟಿದ. ಒಂದು ರಾತ್ರಿ ಅದು ಅವನ ಕೈತಪ್ಪಿ ಬೆಂಕಿಯುಗುಳುತ್ತ ಓಡಿ, ಎದುರು ಬಂದ ಪಾದ್ರಿಯೊಬ್ಬರು ಸೈತಾನನೇ ಬಂದ ಎಂದು ಕೂಗಿಕೊಂಡರೆಂದು ಕತೆ. ದೊಡ್ಡ ರೈಲು ಹುಟ್ಟುವುದಕ್ಕೆ ಮೊದಲೇ ಅದರ ಮಾದರಿ ಜನರನ್ನು ಹೆದರಿಸಿಯಾಗಿತ್ತು. ಮಾದರಿ ಎಂದರೆ ನಕಲು ಎಂದು ಮೂಗು ಮುರಿಯುವವರಿಗೆ ಅಣ್ಣ ಈ ಎರಡು ಕತೆಗಳನ್ನು ಹೇಳುತ್ತಾರೆ. ಕೇಳದವರಿಗೂ ಹೇಳುತ್ತಾರೆ.

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ನಾವು ಹೊರಟಾಗ ಅಣ್ಣ ಪ್ರಶ್ನೆಗಳ ಒಂದು ಪಟ್ಟಿ ಬರೆದುಕೊಟ್ಟರು. "ಅರಮನೆ ಗಿರಮನೆ ನೋಡದಿದ್ರೂ ಪರವಾಗಿಲ್ಲ, ಐದಿಂಚಿನ ಹಳಿ ನೋಡ್ಕೊಂಡು ಬಾ." ಅಲ್ಲಿ ಸಾಕಷ್ಟು ಊರುಗಳಲ್ಲಿ ಮಾಡೆಲ್ ಎಂಜಿನಿಯರಿಂಗ್ ಸೊಸೈಟಿಗಳಿವೆ. ನಮ್ಮಲ್ಲಿ ನಿವೃತ್ತರು ದೇವಸ್ಥಾನದ ಸಮಿತಿ ಸೇರುವ ಹಾಗೆ ಅಲ್ಲಿಯ ಕೆಲವರು ಇದಕ್ಕೆ ಸೇರುತ್ತಾರೆ. ಜಗಳಗಳೂ ಸುಮಾರು ಅದೇ ಮಟ್ಟದವು. ಮಗಳ ಊರಿನ ಪಾರ್ಕಿನಲ್ಲಿ ಮೊಣಕಾಲೆತ್ತರದ ಕಂಬಗಳ ಮೇಲೆ ಐದಿಂಚಿನ ಹಳಿ ಹಾಕಿದ್ದರು. ಭಾನುವಾರ ಮಧ್ಯಾಹ್ನ ಟಿಕೆಟ್ಟು ಕೊಟ್ಟರೆ ಯಾರು ಬೇಕಾದರೂ ಕೂರಬಹುದು. ಕುದುರೆ ಮೇಲೆ ಕೂತ ಹಾಗೆ ಆಚೀಚೆ ಕಾಲು ಹಾಕಿ, ಪಕ್ಕದ ಹಲಗೆಯ ಮೇಲೆ ಪಾದ ಊರಿ ಕೂರಬೇಕು. ಸೀರೆ ಉಟ್ಟವರಿಗೆ ಒಂದು ಪಕ್ಕ ತಿರುಗಿ ಕೂರುವ ಅವಕಾಶವಿತ್ತು. ನನ್ನ ಹೆಂಡತಿ ಅದನ್ನು ಬಳಸಿಕೊಂಡಳು.

ಇಂಜಿನ್ನು ಎಂಥದ್ದು ಎನ್ನುತ್ತೀರಿ! ಹಸಿರು ಬಣ್ಣ, ಹಿತ್ತಾಳೆಯ ಪಟ್ಟಿ, ಉಗಿ ಸಿಲಿಂಡರಿಗೆ ಹೋಗುವ ಹೊತ್ತನ್ನು ನಿಗದಿ ಮಾಡುವ ವಾಲ್‌ಷಾರ್ಟ್ಸ್ ಗೇರಿನ ಒಂದೊಂದು ಕೀಲೂ ತನ್ನ ಕೆಲಸ ತಾನು ಮಾಡುತ್ತಿತ್ತು. ಅಣ್ಣನ ತಗಡಿನ ರೈಲಿನ ದೂರು ಇಲ್ಲಿ ನಡೆಯುವಂತಿರಲಿಲ್ಲ. ಆದರೆ ಆ ಇಂಜಿನ್ನಿನ ಹಿಂದೆ, ಕಲ್ಲಿದ್ದಲ ಬಂಡಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಒಬ್ಬ ಆರಡಿ ಮನುಷ್ಯ ಕೂತಿದ್ದ. ಒಂದೊಂದು ಬೋಲ್ಟೂ ಅಳತೆಗೆ ಸರಿಯಾಗಿರುವ ಈ ಜಗತ್ತಿನಲ್ಲಿ ಅಳತೆ ತಪ್ಪಿದ ವಸ್ತು ಅದನ್ನು ಕಟ್ಟಿದವನೇ. ಇದಕ್ಕೆ ಪರಿಹಾರವಿಲ್ಲ. ಕೆಂಟ್ ಸೀಮೆಯಲ್ಲಿ 1927ರಿಂದ ಓಡುತ್ತಿರುವ ರಾಮ್ನಿ, ಹೈತ್ ಮತ್ತು ಡಿಮ್‌ಚರ್ಚ್ ರೈಲಿನದು 15 ಇಂಚಿನ ಹಳಿ, ಮೂರನೇ ಒಂದು ಪಾಲಿನ ಇಂಜಿನ್ನುಗಳು. ಅಲ್ಲಿ ಡ್ರೈವರು ಒಳಗೇ ಕೂರುತ್ತಾನೆ. ಆದರೆ ಅದು 20 ಕಿಲೋಮೀಟರಿಗೂ ಹೆಚ್ಚು ಉದ್ದದ, ಟಿಕೆಟ್ಟು, ಸ್ಟೇಷನ್ನು, ವೇಳಾಪಟ್ಟಿ ಎಲ್ಲ ಇರುವ ರೈಲು. ಮಾದರಿ ಎನ್ನಲು ಬಾಯಿ ಬರುವುದಿಲ್ಲ.

ಪಟ್ಟಿಯ ಮೊದಲನೆಯ ಪ್ರಶ್ನೆ, ಕಲ್ಲಿದ್ದಲಿನ ಗಾತ್ರ. ಅಳತೆಗೆ ತಕ್ಕಂತೆ ಚಿಕ್ಕದು ಮಾಡಿದರೆ ಅದು ಪುಡಿಯಾಗುತ್ತದೆ. ಚಿಮಣಿಯ ಸೆಳೆತಕ್ಕೆ ಉರಿಯುವ ಮೊದಲೇ ಹಾರಿಹೋಗುತ್ತದೆ. ಆದ್ದರಿಂದ ಅಡಿಕೆ ಹೋಳಿನಷ್ಟು ದಪ್ಪದ ತುಂಡುಗಳನ್ನೇ ಹಾಕುತ್ತಾರೆ. ಎಂಟರಿಂದ ಗುಣಿಸಿದರೆ ಆ ಒಂದೊಂದು ತುಂಡೂ ಎರಡು ಕೈಯಲ್ಲಿ ಹಿಡಿದು ಬೆಂಕಿಗೆ ಎಸೆಯಬೇಕಾಗುವಷ್ಟು ದೊಡ್ಡದು. ಎರಡನೆಯದು, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ಅದನ್ನು ಅಳತೆಗೆ ಇಳಿಸಿದರೆ ನೀರು ಗಾಜಿಗೆ ಅಂಟಿಕೊಂಡು ತಾನಾಗಿಯೇ ಮೇಲೇರಿ ಸುಳ್ಳು ಮಟ್ಟ ತೋರಿಸುತ್ತದೆ. ಸುಳ್ಳು ಮಟ್ಟ ನಂಬಿದರೆ ಬಾಯ್ಲರು ಸುಡುತ್ತದೆ. ಆದ್ದರಿಂದ ಆ ಕೊಳವೆಯೂ ಅಳತೆಗಿಂತ ದಪ್ಪ. ಬಾಯ್ಲರು ಉಕ್ಕಿನದಲ್ಲ, ತಾಮ್ರದ್ದು, ಬೆಳ್ಳಿ ಬೆಸುಗೆ ಹಾಕಿದ್ದು. ಹೊಸ ಬಾಯ್ಲರಿಗೆ ತಣ್ಣೀರು ತುಂಬಿ, ಓಡುವಾಗಿನ ಒತ್ತಡದ ಎರಡರಷ್ಟು ಒತ್ತಡ ಕೊಟ್ಟು ಪರೀಕ್ಷಿಸಿ, ಸರ್ಟಿಫಿಕೇಟ್ ಕೊಟ್ಟ ಮೇಲೆಯೇ ಬೆಂಕಿ. ನೋಡಲು ಆಟಿಕೆ, ಸಿಡಿದರೆ ಆಟಿಕೆಯಲ್ಲ.

ಮೂರನೆಯದು ಸೀಟಿ. ಇದು ನನಗೆ ಬಹಳ ಹಿಡಿಸಿತು. ಸೀಟಿಯ ಕೊಳವೆಯನ್ನು ಎಂಟನೇ ಒಂದು ಪಾಲು ಮಾಡಿದರೆ ಸ್ವರ ಮೂರು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಮಂದ್ರದಲ್ಲಿ ಕೂಗಬೇಕಾದ ಇಂಜಿನ್ನು ಕೀಚಲು ದನಿಯಲ್ಲಿ ಕಿರುಚುತ್ತದೆ. ಹಾಗಾಗಿ ಮೇಲೆ ಎಲ್ಲರಿಗೂ ಕಾಣುವಂತೆ ಅಳತೆಗೆ ಸರಿಯಾದ ಚೆಂದದ ಸೀಟಿಯೊಂದನ್ನು ಕೂರಿಸಿ, ಕೂಗುವ ನಿಜವಾದ ಉದ್ದನೆಯ ಕೊಳವೆಯನ್ನು ಇಂಜಿನ್ನಿನ ಹೊಟ್ಟೆಯ ಕೆಳಗೆ ಬಚ್ಚಿಡುತ್ತಾರೆ. ನಾಟಕದ ಕಂಪನಿಯಲ್ಲಿ ತುಟಿ ಅಲ್ಲಾಡಿಸುವ ರಾಜಕುಮಾರನೊಬ್ಬ, ಸೈಡ್‌ವಿಂಗಿನಲ್ಲಿ ನಿಂತು ಹಾಡುವವನೊಬ್ಬ ಎಂಬಂಥ ಏರ್ಪಾಡು. ಗುಬ್ಬಿಯವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ನಾವು ಕೂತಿದ್ದ ರೈಲು ತಿರುವಿನಲ್ಲಿ ಏರು ಹತ್ತಿತು, ಇಂಜಿನ್ನು ಏದುಸಿರು ಬಿಡಲು ಶುರುಮಾಡಿತು, ಚಿಮಣಿಯಿಂದ ಹಾರಿದ ಕರಿಯೊಂದು ಬಂದು ನನ್ನ ಕಣ್ಣಿಗೆ ಬಿತ್ತು. ಬೇಸಿಗೆ ರಜೆಯಲ್ಲಿ ಗುಬ್ಬಿಯಿಂದ ಅರಸೀಕೆರೆಗೆ ಹೋಗುವಾಗ ಕಿಟಕಿಯಾಚೆ ತಲೆ ಹಾಕಿ, ಕರಿ ಬೀಳಿಸಿಕೊಂಡು, ಅಮ್ಮನ ಸೆರಗಿನ ತುದಿಗೆ ಉಸಿರು ಊದಿಸಿ ಶಾಖ ಕೊಡಿಸಿಕೊಂಡವರಿಗೆ ಗೊತ್ತು ಅದು ಎಂಥ ಉರಿ ಎಂದು. ಅದೇ ಉರಿ. ಅಳತೆಗೆ ಇಳಿಸದ್ದು. ಮ್ಯೂಸಿಯಮ್ಮುಗಳಲ್ಲಿ ಬಣ್ಣ ಬಳಿದು ನಿಲ್ಲಿಸಿದ ಎಷ್ಟೋ ದೊಡ್ಡ ಇಂಜಿನ್ನುಗಳನ್ನು ನಾನು ನೋಡಿದ್ದೇನೆ. ಮೈಸೂರಿನಲ್ಲಿ 1979ರಲ್ಲಿ ಶುರುವಾದ ರೈಲು ಮ್ಯೂಸಿಯಮ್ಮಿಗೆ ಮಕ್ಕಳನ್ನು, ಆಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಲ್ಲಿಯವು ಒಂದಂಗುಲವೂ ಕಡಿಮೆಯಿಲ್ಲದ ಅಸಲಿ ಇಂಜಿನ್ನುಗಳು. ಒಂದೂ ಕಣ್ಣಿಗೆ ಕರಿ ಹಾಕಿರಲಿಲ್ಲ. ತಣ್ಣಗಿರುವ ಅಸಲಿಗಿಂತ ಬಿಸಿಯಾಗಿರುವ ನಕಲೇ ಹೆಚ್ಚು ನಿಜ ಎಂದು ನನಗೆ ಆ ಪಾರ್ಕಿನ ರೈಲಿನಲ್ಲಿ, ಒಂದು ಕಣ್ಣು ಮುಚ್ಚಿಕೊಂಡು ಕೂತಿರುವಾಗ ಅನ್ನಿಸಿತು. ಹೆಂಡತಿಯ ಶಾಲಿಗೂ ಒಂದು ಕಿಡಿ ಬಿದ್ದಿತ್ತು. ಊರಿಗೆ ಬಂದ ಮೇಲೆ ಆ ತೂತನ್ನು ಅಣ್ಣ ಗಡಿಯಾರ ರಿಪೇರಿಯವರ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಸೈಜು ಸರಿಯಾಗಿದೆ" ಎಂದರು. ನಾದಿನಿಯ ಶಾಲು ಹಾಳಾದುದರ ಬಗ್ಗೆ ಅವರು ಹೇಳಿದ್ದು ಅಷ್ಟೇ.

ನಾನು ತಂದ ವಿಡಿಯೊಗಳನ್ನು ಅವರು ಒಪ್ಪಲಿಲ್ಲ. ಹಳಿಯ ಕೀಲು ದಾಟುವಾಗ ಇಂಜಿನ್ನು ಕುಲುಕಿದ ರೀತಿ ಆಟಿಕೆಯದು, ಅದಕ್ಕೆ ತೂಕವಿದ್ದಂತೆ ಕಾಣುವುದಿಲ್ಲ ಎಂದು ಅವರ ತಕರಾರು. ಇದಕ್ಕೂ ಲೆಕ್ಕವಿದೆ. ತೂಗಾಡುವ ವಸ್ತು ಚಿಕ್ಕದಾದಷ್ಟೂ ಬೇಗ ಬೇಗ ತೂಗುತ್ತದೆ. ಎಂಟನೇ ಒಂದು ಪಾಲಿನದು ಎಂಟರ ವರ್ಗಮೂಲದಷ್ಟು, ಅಂದರೆ 2.8 ಪಟ್ಟು ಬೇಗ. ಹಳೆಯ ಸಿನಿಮಾಗಳಲ್ಲಿ ಸೇತುವೆ ಮುರಿದು ರೈಲು ಬೀಳುವ ದೃಶ್ಯವನ್ನು ಮಾದರಿ ಇಟ್ಟು ತೆಗೆಯುವಾಗ ಕ್ಯಾಮೆರಾವನ್ನು ಅದಕ್ಕೇ ಜೋರಾಗಿ ಓಡಿಸುತ್ತಿದ್ದರು. ಸೆಕೆಂಡಿಗೆ 24ರ ಬದಲು 68 ಚಿತ್ರ ತೆಗೆದು, 24ರಲ್ಲೇ ತೋರಿಸಿದರೆ ಎರಡು ಮೀಟರಿನ ಇಂಜಿನ್ನು ನೂರು ಟನ್ನಿನ ಗಾಂಭೀರ್ಯದಿಂದ ಬೀಳುತ್ತದೆ. ಅಣ್ಣ ಮೊಬೈಲಿನಲ್ಲಿ ನನ್ನ ವಿಡಿಯೊವನ್ನು ಮೂರನೇ ಒಂದು ವೇಗಕ್ಕೆ ಇಳಿಸಿದರು. ತಟ್ಟನೆ ಅದು ರೈಲಾಯಿತು. ಹಿಂದೆ ಕೂತಿದ್ದ ನಾನು ಮಾತ್ರ ನಿಧಾನವಾಗಿ ಕಣ್ಣುಜ್ಜಿಕೊಳ್ಳುತ್ತಿದ್ದೆ.

ಇನ್ನು ಮೇಲ್ನೋಟದ ವಿಷಯ. ರಿವೆಟ್ಟಿನ ತಲೆ ಮೂಲದಲ್ಲಿ 24 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ 3 ಇರಬೇಕು. ಕೆಲವರು 5 ಹಾಕಿಬಿಡುತ್ತಾರೆ. ಬಣ್ಣದಲ್ಲಂತೂ ಎಲ್ಲರೂ ಎಡವುತ್ತಾರೆ. ಒಂದು ಮೀಟರ್ ದೂರದಿಂದ ಮಾದರಿಯನ್ನು ನೋಡುವುದೆಂದರೆ ಎಂಟು ಮೀಟರ್ ದೂರದಿಂದ ಅಸಲಿಯನ್ನು ನೋಡಿದ ಹಾಗೆ. ನಡುವೆ ಅಷ್ಟು ಗಾಳಿ, ಧೂಳು, ಬಿಸಿಲು ಇರುತ್ತದೆ. ಅಪ್ಪಟ ಕಪ್ಪನ್ನೇ ಹೊಳೆಯುವಂತೆ ಬಳಿದರೆ ಮಾದರಿ ಹೊಸ ಹಾರ್ಮೋನಿಯಂ ಪೆಟ್ಟಿಗೆಯಾಗುತ್ತದೆ. ಕಪ್ಪಿಗೆ ಸ್ವಲ್ಪ ಬೂದಿ ಬಣ್ಣ ಬೆರೆಸಬೇಕು, ಹೊಳಪು ತಗ್ಗಿಸಬೇಕು. ಅಷ್ಟು ಸಾಲದು. ಅರಸೀಕೆರೆ ಷೆಡ್ಡಿನ ಇಂಜಿನ್ನು ಎಂದರೆ ಅದರ ಮೈಮೇಲೆ ನಮ್ಮ ಸೀಮೆಯ ಗಡಸು ನೀರು ಸೋರಿ ಒಣಗಿದ ಬಿಳಿ ಗೀಟುಗಳಿರಬೇಕು, ಸರಳುಗಳ ಕೀಲಿನಲ್ಲಿ ಎಣ್ಣೆಯೂ ಕರಿಯೂ ಕಲಸಿದ ಜಿಡ್ಡಿರಬೇಕು, ಡ್ರೈವರು ಹಿಡಿದು ಹತ್ತುವ ಕಂಬಿ ಮಾತ್ರ ಕೈ ತಾಗಿ ತಾಗಿ ಬೆಳ್ಳಗೆ ಹೊಳೆಯಬೇಕು. ಕೊಳೆಯನ್ನು ಎಲ್ಲಿ ಇಡಬೇಕೆಂದು ತಿಳಿಯದವನಿಗೆ ಇಂಜಿನ್ನು ಹೇಗೆ ಕೆಲಸ ಮಾಡುತ್ತದೆ ಎಂದೇ ತಿಳಿದಿಲ್ಲವೆಂದು ಅರ್ಥ. ದೊಡ್ಡ ಮಾದರಿಗಳಲ್ಲಿ ನಾನು ಮೊದಲು ನೋಡುವುದು ಈ ಕೊಳೆಯನ್ನೇ. ಕನ್ನಡಿಯಂತೆ ಹೊಳೆಯುವ ಇಂಜಿನ್ನುಗಳಿಗೆ ಇಂಗ್ಲೆಂಡಿನಲ್ಲಿ ಬಹುಮಾನ ಸಿಗುವುದನ್ನೂ ಕಂಡಿದ್ದೇನೆ. ಅವು ಕಮ್ಮಾರಿಕೆಗೆ ಬಂದ ಬಹುಮಾನಗಳು, ನಿಜಕ್ಕಲ್ಲ.

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ, ಗೂಳೂರಿನ ಹತ್ತಿರ ಕೈದಾಳ ಸಿಗುತ್ತದೆ. ಶಿಲ್ಪಿ ಜಕಣಾಚಾರಿಯ ಊರು ಅದೇ ಎಂದು ಐತಿಹ್ಯ. ಮಾವನ ಮನೆಗೆ ಜೊತೆಯಲ್ಲಿ ಹೋಗುವಾಗಲೆಲ್ಲ ಅಣ್ಣ ಅಲ್ಲಿ ಕಾರು ನಿಲ್ಲಿಸಿ ಚನ್ನಕೇಶವನಿಗೆ ಕೈ ಮುಗಿಯುತ್ತಾರೆ. ಅಪ್ಪ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ ಮಗ ಡಂಕಣ, ಗಂಧ ಬಳಿಸಿ, ಒಣಗದೆ ಉಳಿದ ಜಾಗ ಒಡೆಸಿ ಕಪ್ಪೆ ತೋರಿಸಿದ ಕತೆ ಎಲ್ಲರಿಗೂ ಗೊತ್ತು. ಎಚ್.ಎಂ.ಟಿ. ತಪಾಸಣೆ ವಿಭಾಗದವರಿಗೆ ಡಂಕಣನೇ ಕುಲದೇವರು. ನನಗೆ ಆ ಕತೆಯಲ್ಲಿ ಬೇರೆ ಅನುಮಾನ. ವಿಗ್ರಹ ನೋಡಲು ಸೊಗಸಾಗಿತ್ತು, ಪೂಜೆಗೆ ನಿಂತಿದ್ದರೆ ನೂರಾರು ವರ್ಷ ನಿಲ್ಲುತ್ತಿತ್ತು. ಕಪ್ಪೆಗೇನೂ ತೊಂದರೆ ಇರಲಿಲ್ಲ. ರಿವೆಟ್ಟು ಎಣಿಸುವವರ ಜೊತೆ ನನ್ನ ಜಗಳ ಇದೇ. ಆದರೆ ಕೈದಾಳದ ಗುಡಿಯ ಮುಂದೆ ನಿಂತು ಇದನ್ನು ಜೋರಾಗಿ ಹೇಳುವ ಧೈರ್ಯ ನನಗಿಲ್ಲ.

ಕುಣಿಗಲ್ಲಿಗೆ ರೈಲು ಬಂದದ್ದೇ ಇತ್ತೀಚೆಗೆ. ಬೆಂಗಳೂರಿನಿಂದ ಹಾಸನಕ್ಕೆ ನೇರ ದಾರಿ 2017ರಲ್ಲಿ ತೆರೆದಾಗ, ಉಗಿ ಇಂಜಿನ್ನು ಯಾವತ್ತೋ ಮುಗಿದ ಕತೆ. ಹಾಗಾಗಿ ನಮ್ಮ ಮಾವನವರಿಗೆ ಇಂಜಿನ್ನುಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಕುದುರೆಗಳ ಬಗ್ಗೆ ಗೊತ್ತಿತ್ತು. ಟಿಪ್ಪುವಿನ ಕಾಲದಿಂದ ಹೆಸರಾದ ಸ್ಟಡ್ ಫಾರಂ ಇರುವ ಊರಿನಲ್ಲಿ ಹುಟ್ಟಿದವರಿಗೆ ಅದು ತಾನಾಗಿಯೇ ಬರುತ್ತದೆ. ಕುದುರೆ ತೋರಿಸಲು ತಂದವನು ಮೊದಲು ಅದನ್ನು ಓಡಿಸಲು ನೋಡುತ್ತಾನೆ, ಕೊಳ್ಳುವವನು ಮೊದಲು ನಡೆಸಿ ನೋಡಬೇಕು ಎಂದು ಅವರು ಹೇಳುತ್ತಿದ್ದರು. ಓಟದಲ್ಲಿ ಕುಂಟು ಮುಚ್ಚಿಹೋಗುತ್ತದಂತೆ. ಉಗಿ ಇಂಜಿನ್ನಿನ ಮಾದರಿಗೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕೆಟ್ಟದಾಗಿ ಕಟ್ಟಿದ್ದು ನಿಂತಲ್ಲಿಂದ ಒಮ್ಮೆಲೇ ನೆಗೆದು ಓಡುತ್ತದೆ. ವಾಲ್ವ್ ಸರಿಯಾಗಿ ಕೂತಿದ್ದರೆ, ಸಿಲಿಂಡರು ಸರಿಯಾಗಿ ಕೊರೆದಿದ್ದರೆ, ಅದು ಮೊದಲು ಒಂದು ಉಸಿರು ಬಿಟ್ಟು, ಗಾಲಿ ಕಾಲು ಸುತ್ತು ತಿರುಗಿ, ಮತ್ತೊಂದು ಉಸಿರು ಬಿಡುತ್ತದೆ. ಒಂದು ಸುತ್ತಿಗೆ ನಾಲ್ಕು ಉಸಿರು, ನಾಲ್ಕೂ ಸಮ. ಒಂದು ಜೋರು ಒಂದು ಮೆಲ್ಲಗೆ ಕೇಳಿದರೆ ಕುದುರೆ ಕುಂಟುತ್ತಿದೆ ಎಂದೇ ಅರ್ಥ. ಇದಕ್ಕೆ ಭೂತಗನ್ನಡಿ ಬೇಡ, ಕಣ್ಣು ಮುಚ್ಚಿಕೊಂಡು ಹೇಳಬಹುದು. ಅಣ್ಣ ಕೂಡ ಈ ಮಾತನ್ನು ಮಾವನವರ ಮೇಲಿನ ಗೌರವಕ್ಕೆ ಒಪ್ಪಿದ್ದಾರೆ.

ನಮ್ಮೂರಿನ ಆ ನಾಟಕ ಸಂಘದ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಜನ ಬೆರಗಾಗಿ ನೋಡಿದರು. ಇನ್ನೊಂದು ರಾತ್ರಿ ಅದೇ ಜನ ಬಣ್ಣದ ಪರದೆಯ ಮೇಲೆ ಬರೆದ ಅರಮನೆಯನ್ನೂ ನಂಬಿದರು. ಆನೆ ನಿಜವಾಗಿದ್ದರಿಂದ ಕುರುಕ್ಷೇತ್ರ ನಿಜವಾಗಲಿಲ್ಲ. ಪಾತ್ರಧಾರಿ ಬಾಯಿ ಬಿಟ್ಟ ಮೇಲೆ ಆಗಿರಬೇಕು. ಮಾದರಿಗೆ ಆ ಬಾಯಿ ಉಗಿ. ಉಗಿ ಸರಿಯಾಗಿ ಬರಲೆಂದು ಕಲ್ಲಿದ್ದಲು, ಗಾಜು, ಸೀಟಿ, ಬಾಯ್ಲರಿನ ದಪ್ಪ ಇವುಗಳಲ್ಲಿ ಅಳತೆ ಮೀರಿದರೆ ನಾನು ಅದನ್ನು ಲೋಪ ಎನ್ನುವುದಿಲ್ಲ. ಅಳತೆ ಕಾಪಾಡಲೆಂದು ಉಗಿಯನ್ನೇ ಕೈಬಿಟ್ಟು, ಒಳಗೆ ಮೋಟಾರು ಇಟ್ಟು, ಸ್ಪೀಕರಿನಲ್ಲಿ ಚುಕುಬುಕು ಹಾಕುವ ದುಬಾರಿ ಮಾದರಿಗಳಿವೆಯಲ್ಲ, ಅವು ಬೀರುವಿನಲ್ಲಿ ಇರಲಿ.

ಇಷ್ಟೆಲ್ಲ ಹೇಳುತ್ತಿರುವುದಕ್ಕೆ ಕಾರಣವಿದೆ. ಅಣ್ಣನ ಷೆಡ್ಡಿನಲ್ಲಿರುವ ಆ ಒಂದು ಜೊತೆ ಗಾಲಿ 171 ಮಿಲಿಮೀಟರಿನದು. ಒಬ್ಬರ ಕೈಯಲ್ಲಿ ಮುಗಿಯುವ ಕೆಲಸ ಇದಲ್ಲ. ತುಮಕೂರಿನಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ವಾಚ್ ಫ್ಯಾಕ್ಟರಿಯಿಂದ ನಿವೃತ್ತರಾದ ಕೈಗಳು ಇನ್ನೂ ನಡುಗುತ್ತಿಲ್ಲ. ಅಂತರಸನಹಳ್ಳಿ, ಹಿರೇಹಳ್ಳಿಯಲ್ಲಿ ಲೇತ್ ಷಾಪುಗಳಿವೆ. 1963ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಸಿದ್ಧಗಂಗಾ ಕಾಲೇಜಿದೆ. ಪ್ರಾಜೆಕ್ಟು ಹುಡುಕುವ ಹುಡುಗ ಹುಡುಗಿಯರಿದ್ದಾರೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೇ 2023ರಲ್ಲಿ ಬಾಗಿಲು ತೆರೆದಿದೆ. ಹೆಲಿಕಾಪ್ಟರ್ ಹಾರಿಸುವ ತಾಲ್ಲೂಕಿಗೆ ಎರಡು ಮೀಟರಿನ ಉಗಿ ಇಂಜಿನ್ನು ಭಾರವಾಗಲಾರದು. ಅಮಾನಿಕೆರೆಯ ಪಾರ್ಕಿನಲ್ಲಿ ಐದಿಂಚಿನ ಹಳಿ ಹಾಕಲು ಹೆಚ್ಚು ಜಾಗ ಬೇಡ. ನೀರಿನದೊಂದು ತಾಪತ್ರಯ; ನಮ್ಮ ಬೋರ್‌ವೆಲ್ ನೀರು ತಾಮ್ರದ ಬಾಯ್ಲರನ್ನು ಒಂದು ವರ್ಷದಲ್ಲಿ ಸುಣ್ಣದ ಗೂಡು ಮಾಡೀತು. ಮಳೆನೀರು ಹಿಡಿದಿಡುತ್ತೇನೆ ಎಂದು ಅಣ್ಣ ಈಗಲೇ ತಾರಸಿಯಿಂದ ಪೈಪು ಇಳಿಸಿದ್ದಾರೆ.

ಸಿಗದಿರುವುದು ಕಂಡವರ ನೆನಪು. ವೈ.ಪಿ. ಇಂಜಿನ್ನಿನ ನಕಾಶೆ ಹೇಗಾದರೂ ಹುಡುಕಬಹುದು, ಅದರ ಕೊಳೆ ಎಲ್ಲೆಲ್ಲಿತ್ತು ಎಂಬುದು ನಕಾಶೆಯಲ್ಲಿ ಇರುವುದಿಲ್ಲ. ಅರಸೀಕೆರೆ ಷೆಡ್ಡಿನಲ್ಲಿ ಫೈರ್‌ಮನ್, ಫಿಟ್ಟರ್, ಕ್ಲೀನರ್ ಆಗಿ ಕೆಲಸ ಮಾಡಿದವರು, ಇಲ್ಲವೇ ಅವರ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಭಾನುವಾರ ತುಮಕೂರಿಗೆ ಬನ್ನಿ. ಎಸ್.ಐ.ಟಿ. ಬಡಾವಣೆಯಲ್ಲಿ ಲೇತಿನ ಸದ್ದು ಬರುವ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಗಾಲಿ ನೋಡಿ, ತಪ್ಪಿದ್ದರೆ ಮುಖದ ಮೇಲೆ ಹೇಳಿ; ಅಣ್ಣನ ಕೆಲಸದಲ್ಲಿ ತಪ್ಪು ಹಿಡಿಯುವವರು ಸಿಗಲೆಂದು ಇಡೀ ಮನೆಯವರು ಕಾಯುತ್ತಿದ್ದಾರೆ.